ಫೋರ್ಡ್, ಜಿಎಂ ಕಾರ್ಖಾನೆಗಳು ಮುಚ್ಚಿದ್ದು ಯಾಕೆ? ಆಮೇಲೆ ಕಾರ್ಮಿಕರಿಗೆ, ಸರ್ಕಾರಗಳಿಗೆ ಏನಾಯ್ತು?

ಪೀಣ್ಯ_ಟೂಲ್‌ರೂಮ್ (ಚರ್ಚೆ ಆರಂಭಿಸಿದವರು)

ಚೆನ್ನೈ ಪಕ್ಕದ ಮರೈಮಲೈ ನಗರದ ಕಾರ್ಖಾನೆಯಲ್ಲಿ ಮತ್ತೆ ಎಂಜಿನ್ ತಯಾರಿಸೋದಕ್ಕೆ ಫೋರ್ಡ್ 2025ರ ಅಕ್ಟೋಬರ್ 31ರಂದು ತಮಿಳುನಾಡು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿದೆ. 3,250 ಕೋಟಿ ರೂಪಾಯಿ ಹೂಡಿಕೆ, ವರ್ಷಕ್ಕೆ 2.35 ಲಕ್ಷ ಎಂಜಿನ್, 600ಕ್ಕೂ ಹೆಚ್ಚು ಉದ್ಯೋಗ, ಉತ್ಪಾದನೆ ಶುರು 2029ರಲ್ಲಿ. "ಫೋರ್ಡ್ ವಾಪಸ್ ಬಂತು" ಅಂತ ಎಲ್ಲರೂ ಹಂಚಿಕೊಳ್ತಾ ಇದ್ದಾರೆ. ಅಲ್ಲಿ ಕೊನೆಯ ಇಕೋಸ್ಪೋರ್ಟ್ ಕಾರು ಲೈನಿನಿಂದ ಇಳಿದದ್ದು 2022ರ ಜುಲೈನಲ್ಲಿ. ನಡುವಿನ ಏಳು ವರ್ಷದ ಲೆಕ್ಕವನ್ನು ಯಾರೂ ಎತ್ತುತ್ತಿಲ್ಲ. ಅದಕ್ಕೇ ಈ ಚರ್ಚೆ.

ಮೂರು ಕಾರ್ಖಾನೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಸಾನಂದ್, ಗುಜರಾತ್: ಫೋರ್ಡ್ 100 ಕೋಟಿ ಡಾಲರ್ ಹಾಕಿ 2015ರಲ್ಲಿ ಉದ್ಘಾಟಿಸಿದ ಘಟಕ. ನಿರ್ಗಮನದ ಘೋಷಣೆ 2021ರ ಸೆಪ್ಟೆಂಬರ್ 9ಕ್ಕೆ, ಅದೇ ವರ್ಷದ ಕೊನೆಗೆ ಕಾರು ಜೋಡಣೆ ಬಂದ್. 2022ರ ಆಗಸ್ಟ್‌ನಲ್ಲಿ ಟಾಟಾದವರು 725.7 ಕೋಟಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡರು, 2023ರ ಜನವರಿಯಲ್ಲಿ ಕೈ ಬದಲಾಯಿತು, 2024ರ ಜನವರಿಯಲ್ಲಿ ಟಾಟಾ ಕಾರು ಹೊರಬಂತು. ಎಂಜಿನ್ ವಿಭಾಗವನ್ನು ಫೋರ್ಡ್ ತಾನೇ ರಫ್ತಿಗಾಗಿ ನಡೆಸ್ತಾ ಇದೆ.

ಮರೈಮಲೈ ನಗರ: ಮೇಲೆ ಹೇಳಿದ್ದೇ.

ತಳೇಗಾಂವ್, ಪುಣೆ ಹತ್ತಿರ: ಜನರಲ್ ಮೋಟರ್ಸ್ (ಜಿಎಂ) 2020ರ ಡಿಸೆಂಬರ್‌ನಲ್ಲಿ ಉತ್ಪಾದನೆ ನಿಲ್ಲಿಸಿತು. ಚೀನಾದ ಗ್ರೇಟ್ ವಾಲ್‌ಗೆ ಮಾರುವ ಒಪ್ಪಂದ ಮುರಿದು ಬಿತ್ತು. ಹ್ಯುಂಡೈ 2023ರಲ್ಲಿ ಕೊಳ್ಳಲು ಮುಂದೆ ಬಂದು 2025ರಲ್ಲಿ ಕಾರು ತೆಗೆಯಿತು.

ನನ್ನ ವಾದ ಇಷ್ಟು. ಕಾರ್ಖಾನೆ ಮುಚ್ಚಿದ್ದರ ರಾಜಕೀಯ ಏಟು ಎಷ್ಟು ಅನ್ನೋದು ಎಷ್ಟು ಜನ ಕೆಲಸ ಕಳೆದುಕೊಂಡರು ಅನ್ನುವುದಕ್ಕಿಂತ, ಮುಂದಿನ ಮಾಲೀಕ ಎಷ್ಟು ಬೇಗ ಬಂದ, ಬಂದವನು ಹಳೆಯ ಕಾರ್ಮಿಕರನ್ನು ಇಟ್ಟುಕೊಂಡನೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ. ಕಾರಣ, ಕಾನೂನು, ಬಿಡಿಭಾಗದವರ ಪಾಡು ಎಲ್ಲ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಎಂಜಿನ್_1497

ಕಾರಣದಿಂದ ಶುರು ಮಾಡ್ತೀನಿ. ಫೋರ್ಡ್ ತಾನೇ ಹೇಳಿದ ಅಂಕಿ ಇದು: ಹತ್ತು ವರ್ಷದಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ಕಾರ್ಯಾಚರಣೆ ನಷ್ಟ, ಅದರ ಜೊತೆಗೆ 2019ರಲ್ಲಿ 80 ಕೋಟಿ ಡಾಲರ್ ಆಸ್ತಿಮೌಲ್ಯ ಕಡಿತ. ಇಂಥ ನಷ್ಟ ಒಂದೇ ಕಾರಣದಿಂದ ಬರೋದಿಲ್ಲ.

ಮೊದಲನೆಯದು ಸಾಮರ್ಥ್ಯ. ಚೆನ್ನೈಯಲ್ಲಿ ವರ್ಷಕ್ಕೆ 2 ಲಕ್ಷ ಕಾರು, ಸಾನಂದ್‌ನಲ್ಲಿ 2.4 ಲಕ್ಷ. ಒಟ್ಟು 4.4 ಲಕ್ಷ ಕಾರಿನ ಸಾಮರ್ಥ್ಯ ಇಟ್ಟುಕೊಂಡು ದೇಶದ ಮಾರುಕಟ್ಟೆಯಲ್ಲಿ ಶೇ. 2ಕ್ಕಿಂತ ಕಡಿಮೆ ಪಾಲು. ಪೇಂಟ್ ಶಾಪ್‌ನ ಓವನ್ ದಿನಕ್ಕೆ 200 ಬಾಡಿ ಬಂದರೂ ಅಷ್ಟೇ ಬಿಸಿ ಇರಬೇಕು, 700 ಬಂದರೂ ಅಷ್ಟೇ. ಅದರ ಅನಿಲ, ವಿದ್ಯುತ್, ಸವಕಳಿ ಎಲ್ಲವೂ ಕಡಿಮೆ ಬಾಡಿಗಳ ತಲೆ ಮೇಲೆ ಬೀಳುತ್ತೆ. ಸಾನಂದ್ ಕಟ್ಟಿದ್ದೇ ರಫ್ತನ್ನು ನಂಬಿಕೊಂಡು. ಹೊರಗಿನ ಬೇಡಿಕೆ ಅಂದುಕೊಂಡಷ್ಟು ಬೆಳೆಯಲಿಲ್ಲ.

ಎರಡನೆಯದು ತೆರಿಗೆಯ ಗೆರೆ. ಉದ್ದ 4 ಮೀಟರ್ ಒಳಗೆ, ಪೆಟ್ರೋಲ್ ಆದರೆ ಎಂಜಿನ್ 1,200 ಸಿಸಿ ಒಳಗೆ, ಡೀಸೆಲ್ ಆದರೆ 1,500 ಸಿಸಿ ಒಳಗೆ ಇದ್ದರೆ ಸಣ್ಣ ಕಾರು. 2017ರ ಜಿಎಸ್‌ಟಿಯಲ್ಲಿ ಅಂಥ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇ. 29, ಡೀಸೆಲ್‌ಗೆ ಶೇ. 31. ಇಕೋಸ್ಪೋರ್ಟ್‌ಗೆ 2017ರಲ್ಲಿ ಹಾಕಿದ ಹೊಸ ಪೆಟ್ರೋಲ್ ಎಂಜಿನ್ ಮೂರು ಸಿಲಿಂಡರಿನ 1.5 ಲೀಟರ್. ಗಾಡಿ ಉದ್ದದಲ್ಲಿ 4 ಮೀಟರ್ ಒಳಗಿದ್ದರೂ ಎಂಜಿನ್ ಗೆರೆ ದಾಟಿತ್ತು, ಹಾಗಾಗಿ ಶೇ. 45. ಅದೇ ಗಾಡಿಯ ಡೀಸೆಲ್‌ಗೆ ಶೇ. 31. ಎದುರಿಗೆ ಟಾಟಾ ನೆಕ್ಸಾನ್ 1.2 ಟರ್ಬೊ, ಹ್ಯುಂಡೈ ವೆನ್ಯೂ 1.0 ಟರ್ಬೊ, ಎರಡೂ ಶೇ. 29. ಶೋರೂಮಿನಲ್ಲಿ ಒಂದೇ ಬೆಲೆಗೆ ನಿಲ್ಲಿಸಬೇಕು ಅಂದರೆ ಆ ತೆರಿಗೆಯ ವ್ಯತ್ಯಾಸವನ್ನು ಕಂಪನಿಯೇ ನುಂಗಬೇಕು.

2020ರ ಏಪ್ರಿಲ್ 1ಕ್ಕೆ ಬಿಎಸ್-6 ಹೊಗೆ ನಿಯಮ ಬಂತು. ಡೀಸೆಲ್ ಗಾಡಿಗಳ ವೆಚ್ಚ ಏರಿತು, ಗಿರಾಕಿಗಳು ಪೆಟ್ರೋಲ್ ಕಡೆ ತಿರುಗಿದರು. ಫೋರ್ಡ್‌ಗೆ ತೆರಿಗೆ ಭಾರ ಇದ್ದದ್ದು ಆ ಕಡೆಗೇ.

ಸಹ್ಯಾದ್ರಿ_ಸರಕು

ಎಂಜಿನ್ ಅವರೇ, ತೆರಿಗೆ ವಾದ ಅರ್ಧ ಸರಿ. ಮಾರುತಿಯ ಬ್ರೆಝಾ ಕೂಡ 2020ರಲ್ಲಿ 1.5 ಪೆಟ್ರೋಲ್‌ಗೆ ಹೋಯಿತು, ಅದಕ್ಕೂ ಶೇ. 45 ಬಿತ್ತು. ಆದರೂ ಮಾರಾಟದಲ್ಲಿ ಮುಂದೇ ಇತ್ತು. ಮಾರುತಿಗೆ ಉಳಿದ ಮಾದರಿಗಳ ಸಂಖ್ಯಾಬಲ ಇತ್ತು, ಭಾರವನ್ನು ಹಂಚಿಕೊಂಡಿತು. ಫೋರ್ಡ್‌ಗೆ ಹಂಚಿಕೊಳ್ಳೋಕೆ ಅಷ್ಟು ಮಾರಾಟವಾಗುವ ಬೇರೆ ಮಾದರಿ ಇರಲಿಲ್ಲ.

ಮುಖ್ಯ ಕಾರಣ ಮಾದರಿಗಳ ಬರ. ಇಕೋಸ್ಪೋರ್ಟ್ ಬಂದದ್ದು 2013ರಲ್ಲಿ. ಆ ವರ್ಗವನ್ನೇ ಸೃಷ್ಟಿಸಿದ ಗಾಡಿ ಅಂದರೂ ತಪ್ಪಿಲ್ಲ. 2015ರಲ್ಲಿ ಹ್ಯುಂಡೈ ಕ್ರೆಟಾ ಬಂತು, 2019ರಲ್ಲಿ ಕಿಯಾ ಸೆಲ್ಟೋಸ್ ಬಂತು, ಆ ಅಳತೆಯಲ್ಲಿ ಫೋರ್ಡ್ ಹತ್ತಿರ ಏನೂ ಇರಲಿಲ್ಲ. 2018ರ ಫ್ರೀಸ್ಟೈಲ್ ಆದ ಮೇಲೆ ಸಾಮಾನ್ಯ ಗಿರಾಕಿಗೆ ಒಂದು ಹೊಸ ಗಾಡಿಯನ್ನೂ ಕೊಡಲಿಲ್ಲ. ಆ ಜಾಗ ತುಂಬಬೇಕಾಗಿದ್ದದ್ದು ಮಹೀಂದ್ರ ಜೊತೆಗಿನ ಜಂಟಿ ಕಂಪನಿ. 2019ರ ಅಕ್ಟೋಬರ್‌ನಲ್ಲಿ ಘೋಷಿಸಿ 2020ರ ಡಿಸೆಂಬರ್ 31ಕ್ಕೆ ಕೈಬಿಟ್ಟರು. ಹದಿನೈದು ತಿಂಗಳು ಎಲ್ಲ ಯೋಜನೆಗಳೂ ಆ ಒಪ್ಪಂದಕ್ಕೆ ಕಾದು ಕೂತಿದ್ದವು. ಅದು ಮುರಿದಾಗ ಕೈಯಲ್ಲಿ ಸಿದ್ಧವಾದ ಯಾವ ಮಾದರಿಯೂ ಇಲ್ಲ. ಹೊಸದಾಗಿ ಶುರು ಮಾಡಿದರೆ ಗಾಡಿ ಬರೋದಕ್ಕೆ ಮೂರು ನಾಲ್ಕು ವರ್ಷ. ಒಂಬತ್ತು ತಿಂಗಳಿಗೆ ನಿರ್ಗಮನದ ಘೋಷಣೆ.

ಜಿಎಂ ಕಥೆಯಲ್ಲಿ ಇನ್ನೊಂದು ಎಳೆ ಇದೆ, ಅದು ನಂಬಿಕೆ. 2013ರಲ್ಲಿ ಅದರ ಟವೇರಾ ಗಾಡಿಯ ಹೊಗೆ ಪರೀಕ್ಷೆಯಲ್ಲಿ ನಿಯಮ ಮುರಿದದ್ದನ್ನು ಕಂಪನಿಯೇ ಒಪ್ಪಿಕೊಂಡು 1.14 ಲಕ್ಷ ಗಾಡಿ ವಾಪಸ್ ಕರೆಯಿತು. ಆಮೇಲೆ ಗುಜರಾತಿನ ಹಾಲೋಲ್ ಘಟಕ 2017ರ ಏಪ್ರಿಲ್‌ನಲ್ಲಿ ಮುಚ್ಚಿತು, ಅದೇ ವರ್ಷದ ಕೊನೆಗೆ ದೇಶದೊಳಗಿನ ಮಾರಾಟ ನಿಂತಿತು. ತಳೇಗಾಂವ್ ಮೂರು ವರ್ಷ ಬರೀ ರಫ್ತಿನ ಮೇಲೆ ಓಡಿತು. ಮನೆ ಮಾರುಕಟ್ಟೆಯೇ ಇಲ್ಲದ ರಫ್ತು ಘಟಕಕ್ಕೆ ಕಂಪನಿಯ ಕೇಂದ್ರ ಕಚೇರಿಯಲ್ಲಿ ಪರವಾಗಿ ಮಾತಾಡೋರು ಯಾರೂ ಇರೋದಿಲ್ಲ.

ಮಂಡ್ಯ_ಮೋಟಾರು

ಒಂದು ಅನುಮಾನ. ಲಾಕೌಟ್, ಲೇ-ಆಫ್, ಕ್ಲೋಷರ್ ಮೂರನ್ನೂ ಪೇಪರಿನವರು ಒಂದೇ ಥರ ಬರೀತಾರೆ. ಬಿಡದಿಯ ಟೊಯೋಟಾದಲ್ಲಿ 2020ರ ನವೆಂಬರ್‌ನಲ್ಲಿ ಆಗಿದ್ದು ಯಾವುದು? ಮತ್ತೆ ಕಾರ್ಖಾನೆ ಮುಚ್ಚಿದರೆ ಕಾರ್ಮಿಕನಿಗೆ ಕಾನೂನು ಪ್ರಕಾರ ಸಿಗೋದೆಷ್ಟು?

ಕಲಂ_25

ಮಂಡ್ಯ ಸರ್, ಮೂರೂ ಬೇರೆ ಬೇರೆ. ಬಿಡದಿಯಲ್ಲಿ ಆಗಿದ್ದು ಲಾಕೌಟ್. ವಿವಾದ ನಡೆಯುತ್ತಿರುವಾಗ ಮಾಲೀಕ ಗೇಟು ಹಾಕೋದು. ಕೆಲಸದ ಸಂಬಂಧ ಕಡಿಯೋದಿಲ್ಲ, ಸರ್ಕಾರ ಮಧ್ಯೆ ಬಂದು ನಿಷೇಧಿಸಬಹುದು, ಬಿಡದಿಯಲ್ಲಿ ಕರ್ನಾಟಕ ಸರ್ಕಾರ ಹಾಗೇ ಮಾಡಿತು. ಲೇ-ಆಫ್ ಅಂದರೆ ಕೆಲಸ ಕೊಡೋಕೆ ಆಗ್ತಿಲ್ಲ ಅಂತ ತಾತ್ಕಾಲಿಕವಾಗಿ ಮನೆಗೆ ಕಳಿಸೋದು, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕು. ತಳೇಗಾಂವ್‌ನಲ್ಲಿ 2021ರ ಏಪ್ರಿಲ್‌ನಲ್ಲಿ 1,419 ಕಾರ್ಮಿಕರಿಗೆ ಕೊಟ್ಟದ್ದು ಲೇ-ಆಫ್ ನೋಟಿಸ್. ಕ್ಲೋಷರ್ ಅಂದರೆ ಶಾಶ್ವತವಾಗಿ ಮುಚ್ಚೋದು.

ನಾಲ್ಕನೆಯದೂ ಒಂದಿದೆ, ಕಾನೂನಿನ ಪುಸ್ತಕದಲ್ಲಿ ನೇರವಾಗಿ ಸಿಗೋದಿಲ್ಲ: "ಕೆಲಸ ಸ್ಥಗಿತ". ಅಂಬಾಸಿಡರ್ ಮಾಡುತ್ತಿದ್ದ ಹಿಂದೂಸ್ತಾನ್ ಮೋಟರ್ಸ್ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರ ಮೇ 24ರಂದು ಅಂಟಿಸಿದ್ದು ಈ ನೋಟಿಸ್. ಮುಚ್ಚಿದ್ದೇವೆ ಅನ್ನೋದಿಲ್ಲ, ಹಾಗಾಗಿ ಮುಚ್ಚುವಿಕೆಯ ಪರಿಹಾರ ಹುಟ್ಟೋದಿಲ್ಲ. ತೆರೆದಿದ್ದೇವೆ ಅನ್ನೋದಿಲ್ಲ, ಹಾಗಾಗಿ ಸಂಬಳ ಇಲ್ಲ. ಕಾರ್ಮಿಕನ ಪಾಲಿಗೆ ಎಲ್ಲಕ್ಕಿಂತ ಕೆಟ್ಟದ್ದು ಇದೇ.

ಈಗ ಮುಚ್ಚುವ ಕ್ರಮ. ಕೈಗಾರಿಕಾ ವಿವಾದ ಕಾಯ್ದೆಗೆ 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಅಧ್ಯಾಯ 5-ಬಿ ಸೇರಿತು. ಆಗ 300 ಕಾರ್ಮಿಕರ ಮಿತಿ, ಮುಂದೆ 100ಕ್ಕೆ ಇಳಿಯಿತು. ಮುಚ್ಚುವ 90 ದಿನ ಮೊದಲು ರಾಜ್ಯ ಸರ್ಕಾರಕ್ಕೆ ಕಾರಣ ಸಮೇತ ಅರ್ಜಿ ಹಾಕಬೇಕು, ಪ್ರತಿಯನ್ನು ಕಾರ್ಮಿಕರ ಪ್ರತಿನಿಧಿಗಳಿಗೂ ಕೊಡಬೇಕು. ಸರ್ಕಾರ 60 ದಿನದೊಳಗೆ ಉತ್ತರ ಹೇಳದಿದ್ದರೆ ಅನುಮತಿ ಸಿಕ್ಕ ಹಾಗೆ. ಇದರ ಮೊದಲ ರೂಪವನ್ನು 1978ರ ಎಕ್ಸೆಲ್ ವೇರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. ತಿದ್ದಿ ತಂದ ರೂಪವನ್ನು 2002ರಲ್ಲಿ ಎತ್ತಿಹಿಡಿಯಿತು. 2025ರ ನವೆಂಬರ್ 21ರಿಂದ ಜಾರಿಯಾಗಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮಿತಿ ಮತ್ತೆ 300ಕ್ಕೆ ಏರಿದೆ. ಅಂದರೆ ಈ ಹೊತ್ತಿಗೆ 299 ಜನರಿರುವ ಬಿಡಿಭಾಗ ಘಟಕ ಮುಚ್ಚಲು ಸರ್ಕಾರದ ಅನುಮತಿ ಬೇಕಿಲ್ಲ, ನೋಟಿಸ್ ಮತ್ತು ಪರಿಹಾರ ಸಾಕು.

ಕಾನೂನಿನ ಪರಿಹಾರ: ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ. ಕೊನೆಯ ವರ್ಷ ಆರು ತಿಂಗಳು ದಾಟಿದ್ದರೆ ಅದೂ ಒಂದು ವರ್ಷ. ತಿಂಗಳಿಗೆ 50,000 ವೇತನ, 12 ವರ್ಷ ಸೇವೆ ಅಂದುಕೊಳ್ಳಿ: ವರ್ಷಕ್ಕೆ 25,000, ಒಟ್ಟು 3 ಲಕ್ಷ. ಗ್ರಾಚ್ಯುಟಿ ಬೇರೆ. ಈ ಮೊತ್ತಕ್ಕೆ ಯಾವ ಕಾರು ಕಾರ್ಖಾನೆಯೂ ಮುಚ್ಚೋದಿಲ್ಲ, ಕಾರ್ಮಿಕರು ಒಪ್ಪೋದಿಲ್ಲ. ಚೆನ್ನೈ ಫೋರ್ಡ್‌ನಲ್ಲಿ ಮಾತುಕತೆ ಶುರುವಾದದ್ದು ಪ್ರತಿ ವರ್ಷದ ಸೇವೆಗೆ ಸರಾಸರಿ 115 ದಿನದ ಒಟ್ಟು ಸಂಬಳದಿಂದ, ಮುಷ್ಕರ ನಡೆದು ಮುಗಿದದ್ದು 130 ದಿನಕ್ಕೆ. ಅದೇ 50,000ವನ್ನು ಒಟ್ಟು ಸಂಬಳ ಅಂತ ಹಿಡಿದರೆ 12 ವರ್ಷಕ್ಕೆ 26 ಲಕ್ಷ. ಕಾನೂನಿನ ಮೊತ್ತದ ಎಂಟೂವರೆ ಪಟ್ಟಿಗೂ ಹೆಚ್ಚು. ಈ ಅಂತರವನ್ನು ತಂದುಕೊಟ್ಟದ್ದು ಸಂಘಟನೆ ಮತ್ತು ಬಾಕಿ ಉಳಿದಿದ್ದ ರಫ್ತು ಆರ್ಡರ್. ಕೊನೆಯ ಕೆಲವು ಸಾವಿರ ಕಾರು ತಯಾರಾಗಬೇಕಾದರೆ ಕಂಪನಿಗೆ ಕಾರ್ಮಿಕರು ಬೇಕೇ ಬೇಕಿತ್ತು. ಲೈನ್ ಪೂರ್ತಿ ನಿಂತ ಮೇಲೆ ಮಾತಿಗೆ ಕೂತರೆ ಆ ಬಲ ಇರೋದಿಲ್ಲ. ಸಂಘದವರು ಗಮನಿಸಬೇಕಾದ ಮೊದಲ ವಿಷಯ ಇದು.

ಪೀಣ್ಯ_ಟೂಲ್‌ರೂಮ್

ಕಲಂ ಮೇಡಂ, ತುಂಬಾ ಉಪಯೋಗದ ಮಾಹಿತಿ. ಒಂದು ಸೇರಿಸಿ: ಕಾರ್ಖಾನೆ ಮಾರಾಟವಾದರೆ ಕಾರ್ಮಿಕರು ತಾನಾಗಿ ಹೊಸ ಮಾಲೀಕನ ಕೈಗೆ ಹೋಗ್ತಾರಾ?

ಕಲಂ_25

ಇಲ್ಲ. ನಡೆಯುತ್ತಿರುವ ಸಂಸ್ಥೆಯನ್ನೇ ವರ್ಗಾಯಿಸಿದರೆ, ಸೇವೆ ಮುರಿಯದೆ, ಷರತ್ತು ಕಡಿಮೆಯಾಗದೆ, ಹಳೆಯ ಸೇವೆಯನ್ನು ಲೆಕ್ಕಕ್ಕೆ ಹಿಡಿದು ಹೊಸ ಮಾಲೀಕ ತೆಗೆದುಕೊಂಡರೆ ಪರಿಹಾರ ಕೊಡಬೇಕಿಲ್ಲ. ಈ ಮೂರರಲ್ಲಿ ಒಂದು ತಪ್ಪಿದರೂ ಹಳೆಯ ಮಾಲೀಕ ಪರಿಹಾರ ಕೊಡಬೇಕು. ಬರೀ ನೆಲ, ಕಟ್ಟಡ, ಯಂತ್ರ ಮಾರಿದರೆ ಕಾರ್ಮಿಕರ ಪ್ರಶ್ನೆಯೇ ಆ ಒಪ್ಪಂದದೊಳಗೆ ಬರೋದಿಲ್ಲ. ಸಾನಂದ್ ಒಪ್ಪಂದದಲ್ಲಿ ಕಾರು ವಿಭಾಗದ ಅರ್ಹ ನೌಕರರನ್ನು ಟಾಟಾ ತೆಗೆದುಕೊಳ್ಳುತ್ತದೆ ಅಂತ ಬರೆದೇ ಸಹಿ ಮಾಡಿದ್ದರು. ಗುಜರಾತ್ ಸರ್ಕಾರ ಅದಕ್ಕೂ ಮೊದಲೇ, 2022ರ ಮೇ 30ರ ತ್ರಿಪಕ್ಷೀಯ ಒಡಂಬಡಿಕೆಯಲ್ಲಿ ಮೂರನೇ ಸಹಿ ಹಾಕಿ ಕೂತಿತ್ತು. ಮಾರಾಟದ ಸುದ್ದಿ ಬಂದ ಕೂಡಲೇ ಕೇಳಬೇಕಾದ್ದು "ಏನನ್ನು ಮಾರ್ತಿದ್ದೀರಿ, ಸಂಸ್ಥೆಯನ್ನೋ ಆಸ್ತಿಯನ್ನೋ?" ಅಂತ.

ಬೊಮ್ಮಸಂದ್ರ_ಪ್ರೆಸ್

ಬಿಡಿಭಾಗದವರ ಬಗ್ಗೆ ಬರೆಯುತ್ತೇನೆ, ಈ ಕಡೆ ಯಾರೂ ನೋಡೋದಿಲ್ಲ.

ಗೇಟಿನ ಪಕ್ಕದಲ್ಲೇ ಕೂತು ಸೀಟು, ಬಂಪರ್, ಡ್ಯಾಶ್‌ಬೋರ್ಡ್ ಸರದಿ ಪ್ರಕಾರ ಕಳಿಸುವ ಘಟಕಗಳಿಗೆ ಬೇರೆ ಗಿರಾಕಿ ಇರೋದಿಲ್ಲ. ಅವು ಲೈನಿನ ಜೊತೆಗೇ ನಿಲ್ಲುತ್ತವೆ. ಫೋರ್ಜಿಂಗ್, ಬೇರಿಂಗ್, ಫಾಸ್ಟನರ್ ಮಾಡುವವರಿಗೆ ಹತ್ತು ಗಿರಾಕಿಗಳು, ಏಟು ಬೀಳುತ್ತೆ, ಉಳೀತಾರೆ. ನಡುವೆ ಸಿಕ್ಕಿ ನಲುಗೋದು ಸಣ್ಣ ಪ್ರೆಸ್ ಶಾಪ್‌ಗಳು. ಬ್ರ್ಯಾಕೆಟ್, ಕ್ಲಿಪ್, ಹಿಂಜ್ ಮಾಡೋರು, ಪೀಣ್ಯ, ಹೊಸೂರು, ಅಂಬತ್ತೂರು ತುಂಬ ಇದ್ದಾರಲ್ಲ, ಅವರು.

ಅವರ ಹಣ ಸಿಕ್ಕಿಕೊಳ್ಳೋದು ಟೂಲ್‌ನಲ್ಲಿ. ಲೆಕ್ಕ ನೋಡಿ. ಒಂದು ಪ್ರೋಗ್ರೆಸಿವ್ ಟೂಲ್‌ಗೆ (ಲೋಹದ ಪಟ್ಟಿಯಿಂದ ಹಂತಹಂತವಾಗಿ ಪೀಸ್ ಹೊಡೆಯುವ ಅಚ್ಚು) 24 ಲಕ್ಷ ಅಂದುಕೊಳ್ಳಿ. ಗಿರಾಕಿ ಮುಂಗಡ ಕೊಡೋದಿಲ್ಲ, "1.2 ಲಕ್ಷ ಪೀಸ್ ಮೇಲೆ ಹಂಚಿಕೋ" ಅಂತಾನೆ. ಪೀಸ್‌ಗೆ 20 ರೂಪಾಯಿ ಸೇರಿಸಿ ಬಿಲ್ ಆಗುತ್ತೆ. 45,000 ಪೀಸ್‌ಗೆ ಗಾಡಿ ನಿಂತರೆ ಬಂದದ್ದು 9 ಲಕ್ಷ, ಬಾಕಿ 15 ಲಕ್ಷ. ಪರ್ಚೇಸ್ ಆರ್ಡರ್‌ನಲ್ಲಿ "ಕನಿಷ್ಠ ಸಂಖ್ಯೆ ಮುಟ್ಟದಿದ್ದರೆ ಉಳಿದ ಟೂಲ್ ಬಾಕಿ ಕೊಡತಕ್ಕದ್ದು" ಅನ್ನೋ ಸಾಲು ಇಲ್ಲದೇ ಹೋದರೆ ಆ 15 ಲಕ್ಷಕ್ಕೆ ಕಾಗದದ ಬಲವೇ ಇಲ್ಲ.

ಮುಚ್ಚುವ ಸುದ್ದಿ ಬಂದ ವಾರದಲ್ಲೇ ಆಗಬೇಕಾದ ಕೆಲಸ: ಪ್ರತಿ ಟೂಲ್‌ನ ನಂಬರ್ ಪ್ಲೇಟ್ ಕಾಣುವ ಹಾಗೆ ಫೋಟೊ, ಯಾವುದು ಗಿರಾಕಿಯದು ಯಾವುದು ನಮ್ಮದು ಅನ್ನೋ ಪಟ್ಟಿ, ಹಂಚಿಕೆ ಬಾಕಿ ಎಷ್ಟು ಅನ್ನೋದು. ಆಮೇಲೆ ಕೊನೆಯ ಶೆಡ್ಯೂಲ್ ತೆಗೆದು ಖಚಿತ ಆರ್ಡರ್ ಎಷ್ಟು, ಅಂದಾಜು ಎಷ್ಟು ಅಂತ ಬೇರೆ ಮಾಡಬೇಕು. ಖಚಿತ ಆರ್ಡರ್‌ಗೆ ತಂದ ಉಕ್ಕಿನ ಕಾಯಿಲ್‌ಗೆ, ಅರೆಬರೆ ಆದ ಮಾಲಿಗೆ ಹಕ್ಕಿನಿಂದ ದುಡ್ಡು ಕೇಳಬಹುದು. ಅಂದಾಜು ನಂಬಿ ತಂದಿದ್ದಕ್ಕೆ ಬರೀ ಮನವಿ. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡದಿದ್ದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತ ಎಂಎಸ್‌ಎಂಇ ಕಾನೂನು ಹೇಳುತ್ತೆ, ರಾಜ್ಯದ ಕೌನ್ಸಿಲ್‌ಗೆ ಅರ್ಜಿ ಹಾಕಬಹುದು. ಎಡವೋದು ಎಲ್ಲಿ ಅಂದರೆ, ಸಣ್ಣವನ ಗಿರಾಕಿ ಕಾರು ಕಂಪನಿ ಅಲ್ಲ, ನಡುವಿನ ದೊಡ್ಡ ಬಿಡಿಭಾಗದ ಕಂಪನಿ. ದಾವೆ ಅವನ ಮೇಲೇ ಹಾಕಬೇಕು, ನಾಳೆ ಬೇರೆ ಗಾಡಿಯ ಆರ್ಡರ್ ಕೊಡೋನೂ ಅವನೇ. ಅದಕ್ಕೇ ಬಹಳ ಜನ ಹಾಕೋದೇ ಇಲ್ಲ.

ಗಾಡಿ ನಿಂತರೂ ಸರ್ವಿಸ್ ಬಿಡಿಭಾಗ ವರ್ಷಗಟ್ಟಲೆ ಬೇಕು. ಟೂಲ್ ಎತ್ತಿಡೋದಕ್ಕೂ ಕ್ರಮ ಇದೆ. ಕೊನೆಯ ಪೀಸ್ ಹೊಡೆದ ಮೇಲೆ ಆ ಲೋಹದ ಪಟ್ಟಿಯನ್ನು ಟೂಲ್ ಒಳಗೇ ಬಿಡಬೇಕು, ಪೂರ್ತಿ ಎಳೆದು ತೆಗೀಬಾರದು. ಮೂರು ವರ್ಷದ ಮೇಲೆ ತೆರೆದಾಗ ಪೈಲಟ್ (ಪಟ್ಟಿಯನ್ನು ಜಾಗಕ್ಕೆ ಕೂರಿಸುವ ಪಿನ್) ಎಲ್ಲಿ ಕೂತಿತ್ತು, ಬರ್ (ಕತ್ತರಿಸಿದ ಅಂಚಿನ ಚೂಪು) ಯಾವ ಅಂಚಿನಲ್ಲಿ ಬರ್ತಿತ್ತು, ಬೆಂಡ್ ಎಷ್ಟು ಕೋನಕ್ಕೆ ನಿಂತಿತ್ತು ಅನ್ನೋದನ್ನು ಆ ಪಟ್ಟಿಯೇ ತೋರಿಸುತ್ತೆ. ಪಟ್ಟಿಯನ್ನು ಪಂಚ್‌ನಿಂದ ಬಿಡಿಸುವ ಸ್ಟ್ರಿಪ್ಪರ್ ಸ್ಪ್ರಿಂಗ್ ಒತ್ತಿಕೊಂಡು ಕೂರದ ಹಾಗೆ ನಡುವೆ ಬ್ಲಾಕ್ ಇಡಬೇಕು, ತುಕ್ಕು ನಿರೋಧಕ ಎಣ್ಣೆ ಹಚ್ಚಬೇಕು, ನೈಟ್ರೋಜನ್ ಸ್ಪ್ರಿಂಗ್ ಇದ್ದರೆ ಒತ್ತಡ ಬರೆದಿಡಬೇಕು. ಇದಕ್ಕೆ ಜಾಗದ ಬಾಡಿಗೆ ಯಾರು ಕೊಡೋದು ಅಂತ ಬರವಣಿಗೆಯಲ್ಲಿ ಇಲ್ಲದಿದ್ದರೆ ಟೂಲ್ ಗುಜರಿಗೆ ಹೋಗುತ್ತೆ. ಆಮೇಲೆ ಗಾಡಿ ಇಟ್ಟುಕೊಂಡವರು ಒಂದು ಹಿಂಜ್‌ಗೆ ಊರೆಲ್ಲ ಅಲೀತಾರೆ.

ಶೋರೂಮ್_ಲೆಕ್ಕ

ಡೀಲರ್‌ಗಳನ್ನು ಮರೆಯಬೇಡಿ. ಡೀಲರ್‌ಗಳ ಒಕ್ಕೂಟ ಫಾಡಾ ಆಗ ಕೊಟ್ಟ ಲೆಕ್ಕ: 170 ಫೋರ್ಡ್ ಡೀಲರ್‌ಗಳು, 391 ಮಳಿಗೆ, ಸುಮಾರು 2,000 ಕೋಟಿ ಹೂಡಿಕೆ, 40,000 ಕೆಲಸಗಾರರು. ಕಂಪನಿಯ ನೇರ ನೌಕರರಲ್ಲಿ ಕೆಲಸ ಹೋಗೋದು ಸುಮಾರು 4,000 ಜನಕ್ಕೆ ಅಂತ ಹೇಳಿದ್ದರು. ಸುದ್ದಿಯಾದದ್ದು ಆ 4,000, ಬೆಂಗಳೂರು, ಮೈಸೂರು, ಮಂಗಳೂರಿಗೂ ತಟ್ಟಿದ್ದು ಈ 40,000ದ ಭಾಗ. ಡೀಲರನ್ನು ಕಾಯುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಜಿಎಂ, ಮ್ಯಾನ್ ಟ್ರಕ್ಸ್, ಹಾರ್ಲೆ, ಫೋರ್ಡ್, ಪ್ರತಿ ಸಲವೂ ಫಾಡಾ ಅದನ್ನೇ ಕೇಳುತ್ತಾ ಬಂದಿದೆ.

ಹೂಗ್ಲಿ_ತೀರ

ಈಗ ರಾಜಕೀಯಕ್ಕೆ ಬರೋಣ. ಪೀಣ್ಯ ಅವರ ವಾದವನ್ನು ನಾನು ಬಹುತೇಕ ಒಪ್ಪುತ್ತೇನೆ, ಆದರೆ ಬಂಗಾಳವನ್ನು ಸೇರಿಸದೆ ಅದು ಪೂರ್ತಿಯಾಗೋದಿಲ್ಲ.

ಸಿಂಗೂರ್‌ನಲ್ಲಿ ಮುಚ್ಚಿದ್ದು ಟಾಟಾ ನ್ಯಾನೋ ಕಾರಿನ, ಇನ್ನೂ ತೆರೆಯದ ಕಾರ್ಖಾನೆ. 997 ಎಕರೆ ಭೂಸ್ವಾಧೀನ, ಒಪ್ಪದ ರೈತರು, 2008ರ ಅಕ್ಟೋಬರ್ 3ರಂದು ಟಾಟಾ ನಿರ್ಗಮನ, ನಾಲ್ಕೇ ದಿನಕ್ಕೆ ಸಾನಂದ್ ಘೋಷಣೆ. 2011ರಲ್ಲಿ 34 ವರ್ಷದ ಎಡರಂಗ ಸರ್ಕಾರ ಬಿತ್ತು. ಸ್ವಾಧೀನವೇ ತಪ್ಪು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿ ಭೂಮಿ ವಾಪಸ್ ಕೊಡಿಸಿತು. 2023ರ ಅಕ್ಟೋಬರ್‌ನಲ್ಲಿ ಮಧ್ಯಸ್ಥಿಕೆಯ ತೀರ್ಪು ಟಾಟಾಗೆ 765.78 ಕೋಟಿ ಮತ್ತು ಬಡ್ಡಿ ಕೊಡಬೇಕು ಅಂತ ಬಂತು. ಒಂದು ಕಾರ್ಖಾನೆ ಹೋದದ್ದಕ್ಕೆ ರಾಜ್ಯ ಇಷ್ಟು ದೀರ್ಘ ಬೆಲೆ ತೆತ್ತ ಇನ್ನೊಂದು ಉದಾಹರಣೆ ದೇಶದಲ್ಲಿ ನನಗೆ ಕಾಣೋದಿಲ್ಲ. ಅದೇ ರಾಜ್ಯದ ಉತ್ತರಪಾಡಾದಲ್ಲಿ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ಕಾರ್ಖಾನೆ ನಿಂತಾಗ ಯಾವ ಸರ್ಕಾರವೂ ಅಲ್ಲಾಡಲಿಲ್ಲ. ಯಾಕಂದರೆ ಅದು ಹಲವು ವರ್ಷ ಸೊರಗಿ ನಿಂತಿತು. ಸೊರಗುವ ಕಾರ್ಖಾನೆ ಕಾರ್ಮಿಕರನ್ನು ಒಬ್ಬೊಬ್ಬರನ್ನಾಗಿ ಚದುರಿಸಿಬಿಡುತ್ತೆ. ಬೀದಿಗಿಳಿಯೋದಕ್ಕೆ ಜನ ಉಳಿಯೋದಿಲ್ಲ.

ನಮ್ಮ ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿದಾಗಲೂ ಇದೇ ಆಯ್ತು. 1961ರಿಂದ ಬೈಕು ಮಾಡಿದ ಕಾರ್ಖಾನೆ ಅದು.

ತಳೇಗಾಂವ್ ಪೂರ್ತಿ ಬೇರೆ ರೀತಿ. ಗ್ರೇಟ್ ವಾಲ್ ಜೊತೆ ಒಪ್ಪಂದ ಆದದ್ದು 2020ರ ಜನವರಿ. ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ, ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಮುಂಚಿತ ಅನುಮತಿ ಕಡ್ಡಾಯ ಮಾಡಿತು. ಜೂನ್‌ನಲ್ಲಿ ಚೀನಾ ಗಡಿಯ ಗಲ್ವಾನ್ ಘರ್ಷಣೆ. ಅಲ್ಲಿಗೆ ಅನುಮತಿ ಕೈಗೆಟುಕದ ವಿಷಯವಾಯ್ತು. ಎರಡೂವರೆ ವರ್ಷ ಕಾದು 2022ರ ಮಧ್ಯದಲ್ಲಿ ಒಪ್ಪಂದ ಬಿದ್ದುಹೋಯ್ತು. ಗಡಿಯ ನಿರ್ಧಾರ ತಪ್ಪು ಅಂತ ನಾನು ಹೇಳೋದಿಲ್ಲ. ಆದರೆ ದೇಶದ ಭದ್ರತೆಗಾಗಿ ತೆಗೆದುಕೊಂಡ ನಿರ್ಧಾರದ ಖರ್ಚನ್ನು ಒಂದು ಕಾರ್ಖಾನೆಯ ಕಾರ್ಮಿಕರು ಮಾತ್ರ ಭರಿಸಿದರು, ಅದಕ್ಕೆ ಕೇಂದ್ರದಿಂದ ಒಂದು ಪರಿಹಾರ ನಿಧಿ ಇರಬೇಕಿತ್ತು.

ಚೆನ್ನೈಯಲ್ಲಿ ಸರ್ಕಾರ ಬದಲಾಗಿ ನಾಲ್ಕು ತಿಂಗಳಿಗೆ ಫೋರ್ಡ್ ಘೋಷಣೆ ಬಂತು. ಹಾಗಾಗಿ ಹೊಣೆ ಯಾರ ಮೇಲೆ ಅನ್ನೋದು ಎರಡು ಪಕ್ಷಗಳ ನಡುವೆ ಹಂಚಿಹೋಯ್ತು. ಸ್ಟಾಲಿನ್ 2024ರಲ್ಲಿ ಅಮೆರಿಕಕ್ಕೆ ಹೋದಾಗ ಫೋರ್ಡ್ ಅಧಿಕಾರಿಗಳನ್ನು ಕಂಡರು, ಅದೇ ತಿಂಗಳು ಫೋರ್ಡ್ ಆಶಯ ಪತ್ರ ಕೊಟ್ಟಿತು. ಬರುವ ಎಂಜಿನ್ ಘಟಕದ 600 ಕೆಲಸಕ್ಕೆ 2022ರಲ್ಲಿ ಹೊರಬಂದವರನ್ನು ಆದ್ಯತೆಯ ಮೇಲೆ ಕರೆಯುವ ಷರತ್ತನ್ನು ಸರ್ಕಾರ ಹಾಕಬೇಕು ಅನ್ನೋದು ನನ್ನ ಬಲವಾದ ಅಭಿಪ್ರಾಯ.

ಮೆಲ್ಬರ್ನ್_ಕನ್ನಡಿಗ

ಆಸ್ಟ್ರೇಲಿಯಾದಲ್ಲಿ ಇಡೀ ಉದ್ಯಮವೇ ಮುಚ್ಚಿತು. ಫೋರ್ಡ್ 2016ರ ಅಕ್ಟೋಬರ್ 7, ಆಲ್ಟೋನಾದ ಟೊಯೋಟಾ 2017ರ ಅಕ್ಟೋಬರ್ 3, ಅಡಿಲೇಡ್‌ನ ಹೋಲ್ಡನ್ ಅಕ್ಟೋಬರ್ 20. ಆಮದು ಸುಂಕ 1980ರ ದಶಕದಲ್ಲಿ ಶೇ. 57.5 ಇದ್ದದ್ದು 2010ಕ್ಕೆ ಶೇ. 5ಕ್ಕೆ ಇಳಿದಿತ್ತು. ಗಣಿ ಉದ್ಯಮದ ಅಬ್ಬರದಲ್ಲಿ 2011ಕ್ಕೆ ಆಸ್ಟ್ರೇಲಿಯನ್ ಡಾಲರ್ ಅಮೆರಿಕನ್ ಡಾಲರನ್ನೇ ಮೀರಿತು, ರಫ್ತು ನೆಲಕಚ್ಚಿತು. 2005ರಿಂದ ಥಾಯ್ಲೆಂಡ್ ಜೊತೆ ಮುಕ್ತ ವ್ಯಾಪಾರ. ಅಲ್ಲಿಂದ ಗಾಡಿಗಳು ಸುಂಕವಿಲ್ಲದೆ ಬಂದವು, ಇಲ್ಲಿನ ದೊಡ್ಡ ಎಂಜಿನ್ ಗಾಡಿಗಳಿಗೆ ಅಲ್ಲಿನ ಒಳ ತೆರಿಗೆ ಅಡ್ಡ ನಿಂತಿತು. ಎಂಜಿನ್ ಅವರು ಹೇಳಿದ ಸಿಸಿ ಗೆರೆ ಇಲ್ಲೂ ಕೆಲಸ ಮಾಡಿದೆ ನೋಡಿ.

ರಾಜಕೀಯ: 2013ರ ಡಿಸೆಂಬರ್ 10ರಂದು ಖಜಾನೆ ಸಚಿವ ಜೋ ಹಾಕಿ ಸಂಸತ್ತಿನಲ್ಲಿ, ಇರ್ತೀರೋ ಹೋಗ್ತೀರೋ ಸ್ಪಷ್ಟವಾಗಿ ಹೇಳಿ ಅಂತ ಹೋಲ್ಡನ್‌ಗೆ ಸವಾಲು ಹಾಕಿದರು. ಮಾರನೇ ದಿನವೇ ಹೋಲ್ಡನ್ ಹೋಗ್ತೀವಿ ಅಂತ ಘೋಷಿಸಿತು. ಎರಡು ತಿಂಗಳಿಗೆ ಟೊಯೋಟಾ. ಒಂದೇ ಬಿಡಿಭಾಗ ಜಾಲವನ್ನು ಮೂರು ಕಂಪನಿಗಳು ಹಂಚಿಕೊಂಡಿದ್ದರಿಂದ ಇಬ್ಬರು ಹೋದರೆ ಮೂರನೆಯವರಿಗೂ ಉಳಿಯೋಕೆ ಆಗುತ್ತಿರಲಿಲ್ಲ. 2016ರ ಚುನಾವಣೆಯಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ನಿಕ್ ಕ್ಸೆನೋಫೋನ್ ಅವರ ಹೊಸ ಪಕ್ಷ ಮೂರು ಸೆನೆಟ್ ಸ್ಥಾನ, ಕೆಳಮನೆಯ ಒಂದು ಸ್ಥಾನ ಗೆದ್ದಿತು. ಅದರ ಮುಖ್ಯ ಮಾತೇ ಸ್ಥಳೀಯ ಉತ್ಪಾದನೆ. ಆ ಚುನಾವಣೆಗೆ ಸ್ವಲ್ಪ ಮೊದಲು ಸರ್ಕಾರ 12 ಜಲಾಂತರ್ಗಾಮಿಗಳನ್ನು ಅಡಿಲೇಡ್‌ನಲ್ಲಿ ಕಟ್ಟುವ ಫ್ರೆಂಚ್ ಒಪ್ಪಂದ ಘೋಷಿಸಿತ್ತು. 2021ರಲ್ಲಿ ಅದೂ ರದ್ದಾಯ್ತು.

ಕಂಟ್ರ್ಯಾಕ್ಟ್_ಕಾರ್ಡ್

ಕಲಂ ಮೇಡಂ ಹೇಳಿದ 130 ದಿನದ ಲೆಕ್ಕ ಕಾಯಂ ಕಾರ್ಮಿಕರದ್ದು. ಗುತ್ತಿಗೆಯವರು, ಟ್ರೈನಿಗಳು, ಕ್ಯಾಂಟೀನ್, ಬಸ್ಸು, ಹೌಸ್‌ಕೀಪಿಂಗ್‌ನವರು ಆ ಒಪ್ಪಂದದೊಳಗಿಲ್ಲ. ಅವರಿಗೆ ಸಿಗಬಹುದಾದ ಒಂದು ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ: ಇಎಸ್‌ಐನ (ನೌಕರರ ರಾಜ್ಯ ವಿಮೆ) ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ. ಕಾರ್ಖಾನೆ ಮುಚ್ಚಿ ಅಥವಾ ರಿಟ್ರೆಂಚ್‌ಮೆಂಟ್ (ಮಾಲೀಕನೇ ಕಾರ್ಮಿಕರನ್ನು ಕಡಿತ ಮಾಡೋದು) ಆಗಿ ಕೆಲಸ ಹೋದರೆ, ಕನಿಷ್ಠ ಎರಡು ವರ್ಷ ವಂತಿಗೆ ಕಟ್ಟಿದ್ದರೆ, ಮೊದಲ 12 ತಿಂಗಳು ವೇತನದ ಶೇ. 50, ಮುಂದಿನ 12 ತಿಂಗಳು ಶೇ. 25 ಭತ್ಯೆ. ಇಎಸ್‌ಐ ಮಿತಿ ತಿಂಗಳಿಗೆ 21,000 ಆಗಿರೋದರಿಂದ ಕಾಯಂ ಕಾರ್ಮಿಕರಲ್ಲಿ ಹೆಚ್ಚಿನವರು ಇದರಿಂದ ಹೊರಗೆ, ಗುತ್ತಿಗೆಯವರು ಒಳಗೆ.

ಅರ್ಜಿ ತಿರಸ್ಕೃತವಾಗೋದು ಎರಡು ಕಡೆ. ಒಂದು, ಗುತ್ತಿಗೆದಾರ ಕೆಲಸ ಬಿಟ್ಟ ಕಾರಣದ ಜಾಗದಲ್ಲಿ "ರಾಜೀನಾಮೆ" ಅಂತ ತುಂಬಿಬಿಟ್ಟಿರ್ತಾನೆ. ರಾಜೀನಾಮೆ ಕೊಟ್ಟವರಿಗೆ ಭತ್ಯೆ ಇಲ್ಲ. ಇನ್ನೊಂದು, ಗುತ್ತಿಗೆದಾರ ಬದಲಾದಾಗೆಲ್ಲ ಹೊಸ ಇಎಸ್‌ಐ ನಂಬರ್ ಮಾಡಿಸಿರ್ತಾರೆ, ಹಳೆಯ ಸೇವೆ ಲೆಕ್ಕಕ್ಕೆ ಬರೋದಿಲ್ಲ. ಗೇಟ್ ಪಾಸ್ ವಾಪಸ್ ಕೊಡುವ ಮೊದಲೇ ಹಾಜರಾತಿ, ಪೇ ಸ್ಲಿಪ್, ಗುರುತಿನ ಚೀಟಿ ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಬೇಕು, ಪಿಎಫ್ ಖಾತೆಯಲ್ಲಿ ನಿರ್ಗಮನದ ಕಾರಣ ಏನು ತೋರಿಸಿದೆ ಅಂತ ನೋಡಿ ತಪ್ಪಿದ್ದರೆ ಆಗಲೇ ಬರವಣಿಗೆಯಲ್ಲಿ ತಿದ್ದಿಸಬೇಕು.

ಕಲಂ_25

ಕಂಟ್ರ್ಯಾಕ್ಟ್ ಅವರು ಹೇಳಿದ್ದು ಕಾಯಂ ಕಾರ್ಮಿಕರಿಗೂ ಅನ್ವಯ. "ಸ್ವಯಂ ನಿರ್ಗಮನ" ಅಂತ ಸಹಿ ಮಾಡಿದರೆ ಮೊತ್ತ ದೊಡ್ಡದು ಸಿಗುತ್ತೆ, ಆದರೆ ಅದು ರಿಟ್ರೆಂಚ್‌ಮೆಂಟ್ ಅಲ್ಲ. ಅದೇ ಮಾಲೀಕ ಮತ್ತೆ ನೇಮಕ ಮಾಡಿದಾಗ ಮೊದಲು ನಮ್ಮನ್ನು ಕರೆಯಿರಿ ಅನ್ನುವ ಆದ್ಯತೆಯ ಹಕ್ಕು ಹೋಗುತ್ತೆ. ಹೂಗ್ಲಿ ಅವರು ಕೇಳಿದ 600 ಕೆಲಸದ ಷರತ್ತು ಸರ್ಕಾರದ ಒಪ್ಪಂದದಲ್ಲೇ ಇರಬೇಕು ಅನ್ನೋದು ಈ ಕಾರಣಕ್ಕೇ, ಕಾರ್ಮಿಕ ತಾನಾಗಿ ಕೋರ್ಟಿಗೆ ಹೋಗಿ ಅದನ್ನು ಪಡೆಯೋದು ಕಷ್ಟ. ಮುಂದೆ ಯಾವುದೇ ಸಂಘ ನಿರ್ಗಮನ ಒಪ್ಪಂದಕ್ಕೆ ಕೂತರೆ ಮೊತ್ತದ ಜೊತೆಗೆ ಒಂದು ಸಾಲು ಬರೆಸಿಕೊಳ್ಳಲಿ: "ಈ ಜಾಗದಲ್ಲಿ ಈ ಕಂಪನಿಯಾಗಲಿ ಇದರಿಂದ ಕೊಂಡವರಾಗಲಿ ಐದು ವರ್ಷದೊಳಗೆ ಉತ್ಪಾದನೆ ಆರಂಭಿಸಿದರೆ, ಪಟ್ಟಿಯಲ್ಲಿರುವ ಕಾರ್ಮಿಕರಿಗೆ ಮೊದಲ ಆಹ್ವಾನ." ಪಟ್ಟಿಯನ್ನು ಅನುಬಂಧವಾಗಿ ಲಗತ್ತಿಸಬೇಕು, ಕಾರ್ಮಿಕ ಇಲಾಖೆಯ ರಾಜಿ ಅಧಿಕಾರಿಯ ಮುಂದೆ ಸಹಿ ಆಗಬೇಕು. ಆಗ ಒಪ್ಪಂದ ಸಂಘಕ್ಕೆ ಸೇರದ ಕಾರ್ಮಿಕರಿಗೂ ಅನ್ವಯಿಸುತ್ತೆ.

ಪೀಣ್ಯ_ಟೂಲ್‌ರೂಮ್

ಈ ಸಾಲನ್ನು ತಮಿಳು, ಮರಾಠಿಗೂ ತಿರುಗಿಸಿ ಅಲ್ಲಿನ ಸಂಘದವರಿಗೆ ತಲುಪಿಸುವ ಗೆಳೆಯರು ಇಲ್ಲಿದ್ದರೆ ಕೈ ಎತ್ತಿ. ಕೊಂಡವರನ್ನೂ ಆ ಷರತ್ತಿಗೆ ಕಟ್ಟಬೇಕಾದರೆ ಮಾರಾಟ ಒಪ್ಪಂದದಲ್ಲೂ ಅದೇ ಸಾಲು ಇರಬೇಕಲ್ವಾ ಮೇಡಂ?

ಕಲಂ_25

ಹೌದು. ಸಂಘದ ಒಪ್ಪಂದ ಹಳೆಯ ಮಾಲೀಕನನ್ನು ಮಾತ್ರ ಕಟ್ಟುತ್ತೆ. ಕೊಳ್ಳುವವನ ಸಹಿ ಮಾರಾಟ ಪತ್ರದಲ್ಲಿ, ಇಲ್ಲವೇ ಸಾನಂದ್‌ನ ಹಾಗೆ ಸರ್ಕಾರವೂ ಸೇರಿದ ಒಡಂಬಡಿಕೆಯಲ್ಲಿ ಬರಬೇಕು. ಜಮೀನು ಸರ್ಕಾರಿ ನಿಗಮದ ಲೀಸ್‌ನಲ್ಲಿದ್ದರೆ ವರ್ಗಾವಣೆಗೆ ನಿಗಮದ ಒಪ್ಪಿಗೆ ಬೇಕಾಗುತ್ತೆ. ಷರತ್ತು ಹಾಕಿಸೋಕೆ ಸರ್ಕಾರದ ಕೈಯಲ್ಲಿ ಬಲ ಇರೋದು ಆ ಒಪ್ಪಿಗೆ ಪತ್ರ ಕೊಡೋವರೆಗೆ ಮಾತ್ರ.